ಎರಡನೇ ದರ್ಜೆಯ ಹೆಡ್ಲಿ ಪಾಬ್‌ಜಾಯ್

ನೆದರ್ ವಿಡ್ಲಿಂಗ್ ಎಂಬ ಹಳ್ಳಿಯ ಪ್ಯಾರಿಷ್ಷಿನಲ್ಲಿ ಒಟ್ಟು ಹನ್ನೊಂದು ಪಾರಂಪರಿಕ ಆಸ್ತಿಗಳಿವೆ. ಅವುಗಳಲ್ಲಿ ಹತ್ತು ಉಸಿರಾಡುವುದಿಲ್ಲ.

ಹನ್ನೊಂದನೆಯದರ ಹೆಸರು ಹೆಡ್ಲಿ ಪಾಬ್‌ಜಾಯ್. ವಯಸ್ಸು ಅರವತ್ತೊಂಬತ್ತು, ಮದುವೆಯಾಗಿಲ್ಲ, ಬೇಲಿ ಹೆಣೆಯುವ ಕೆಲಸದಿಂದ ನಿವೃತ್ತ. ಬೆಳಿಗ್ಗೆ ಚರ್ಚಿನ ಹಳೆಯ ಕಾಂಪೌಂಡ್ ಗೋಡೆಗೆ ಒರಗಿ ನಿಂತು ಬಿಸಿಲು ಕಾಯಿಸುವುದು ಅವನ ಏಕೈಕ ಚಟ. ಇಂಥ ನಿರುಪದ್ರವಿಯನ್ನು ಸರ್ಕಾರ ಕಣ್ಣೆತ್ತಿ ನೋಡುತ್ತದೆಂದು ಯಾರೂ ಎಣಿಸಿರಲಿಲ್ಲ.

ಆದದ್ದಿಷ್ಟು. ಪಕ್ಕದ ಓವರ್ ವಿಡ್ಲಿಂಗ್‌ನವರು ತಮ್ಮ ಹೊಲದಲ್ಲಿ ಸಿಕ್ಕ ರೋಮನ್ ಕಾಲದ ಮೋರಿಯೊಂದನ್ನು ತೋರಿಸಿ ಪ್ರವಾಸಿಗರನ್ನು ಎಳೆಯತೊಡಗಿದರು. ಇದನ್ನು ಕಂಡು ಹೊಟ್ಟೆ ಉರಿದುಕೊಂಡ ನೆದರ್ ವಿಡ್ಲಿಂಗ್ ಪ್ಯಾರಿಷ್ ಕೌನ್ಸಿಲ್ ಎಂಬ ಊರ ಪಂಚಾಯಿತಿ, ತಾನೂ ಒಂದು ‘ಪರಂಪರೆ ಮತ್ತು ಹೊರಾಂಗಣ ನಡಿಗೆ’ಯನ್ನು ಏರ್ಪಡಿಸುವುದೆಂದು ಸರ್ವಾನುಮತದಿಂದ ನಿರ್ಣಯಿಸಿತು. ನಾಲ್ಕು ಮೈಲಿ ದಾರಿ, ಹತ್ತಿ ಇಳಿಯಬೇಕಾದ ಏಳು ಬೇಲಿಗಳು, ಕೊನೆಗೊಂದು ಚಹಾ ಅಂಗಡಿ. ದಾರಿಯಲ್ಲಿ ಕಾಣುವುದನ್ನೆಲ್ಲ ಪಟ್ಟಿ ಮಾಡಿ ಫೋಟೋ ತೆಗೆಯುವ ಹೊಣೆ ಕೌನ್ಸಿಲ್ಲಿನ ಗುಮಾಸ್ತೆ ಆಡ್ರೀ ಥ್ರಿಂಗ್ ಅವರ ತಲೆಗೆ ಬಿತ್ತು.

ಆಕೆ ಗೋಡೆಯ ಹತ್ತಿರ ಬಂದಾಗ ಹೆಡ್ಲಿ ಎಂದಿನಂತೆ ಅಲ್ಲಿದ್ದ.

“ಹೆಡ್ಲಿ, ಒಂಚೂರು ಆ ಕಡೆ ಸರಿದ್ರೆ ಒಳ್ಳೇದಿತ್ತು.”

“ಈಗಷ್ಟೇ ಬೆನ್ನು ಬಿಸಿ ಆಗ್ತಾ ಇದೆ ಆಡ್ರೀ. ನೀವು ತೆಕ್ಕೊಳ್ಳಿ, ನಾನು ಅಲುಗಾಡಲ್ಲ.”

ಎರಡನೇ ಸಲ ಕೇಳುವುದನ್ನು ಆ ಊರಿನಲ್ಲಿ ಜಗಳವೆಂದೇ ಭಾವಿಸುತ್ತಾರೆ. ಆಡ್ರೀ ಮರ್ಯಾದಸ್ಥ ಹೆಂಗಸು. ಹೆಡ್ಲಿಯ ಸಮೇತ ಫೋಟೋ ತೆಗೆದರು. ‘ಚಿತ್ರದಲ್ಲಿ ಕಾಣುವುದೆಲ್ಲ ಎಷ್ಟು ಕಾಲದಿಂದ ಇಲ್ಲಿದೆ?’ ಎಂಬ ಕಾಲಮ್ಮಿನಲ್ಲಿ ಪ್ರಾಮಾಣಿಕವಾಗಿ ‘ನನಗೆ ನೆನಪಿರುವಷ್ಟು ಕಾಲದಿಂದ’ ಎಂದು ತುಂಬಿ, ಫಾರಂ ಮತ್ತು ಫೋಟೋ ಎರಡನ್ನೂ ಮೇಲಿನ ಕಚೇರಿಗೆ ಕಳಿಸಿದರು.

ಮೂರು ತಿಂಗಳಿಗೆ ಕೌಂಟಿಯ, ಅಂದರೆ ಜಿಲ್ಲೆಯ, ಪಾರಂಪರಿಕ ಕಚೇರಿಯಿಂದ ಆದೇಶ ಬಂತು: “ಸದರಿ ಗೋಡೆ ಹಾಗೂ ಅದಕ್ಕೆ ತಗುಲಿಕೊಂಡು ಚಿತ್ರದಲ್ಲಿ ಕಾಣುವ ಸಕಲವನ್ನೂ ಎರಡನೇ ದರ್ಜೆಯ ಪಾರಂಪರಿಕ ಆಸ್ತಿಯೆಂದು ಘೋಷಿಸಲಾಗಿದೆ. ಪೂರ್ವಾನುಮತಿಯಿಲ್ಲದೆ ಇವುಗಳನ್ನು ಕೆಡವುವುದು, ಬದಲಾಯಿಸುವುದು, ಬೇರೆಡೆ ಸಾಗಿಸುವುದು ಶಿಕ್ಷಾರ್ಹ.”

ಹೆಡ್ಲಿಗೆ ಮೊದಮೊದಲು ಖುಷಿಯೇ ಆಯಿತು. “ಚರ್ಚಿಗೆ ಒಂದನೇ ದರ್ಜೆ, ನಂಗೆ ಎರಡನೇದು. ತಪ್ಪೇನಿಲ್ಲ, ಅದು ನನಗಿಂತ ಹಳೇದು,” ಎಂದ.

ಆಮೇಲೆ ನಿಯಮಗಳು ಒಂದೊಂದಾಗಿ ಬಂದವು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಸ್ವಸ್ಥಾನದಲ್ಲಿರತಕ್ಕದ್ದು. ರಾತ್ರಿ ಸ್ವಂತ ಮನೆಯಲ್ಲಿ ಮಲಗುವುದನ್ನು ‘ಹವಾಮಾನದಿಂದ ರಕ್ಷಣೆ’ ಎಂದು ಪರಿಗಣಿಸಿ ಮನ್ನಿಸಲಾಗಿದೆ. ಚಿತ್ರದಲ್ಲಿ ಮೂರು ದಿನದ ಗಡ್ಡ ಇರುವುದರಿಂದ ಸದಾ ಮೂರು ದಿನದ ಗಡ್ಡವೇ ಇರತಕ್ಕದ್ದು. ಅಂಚು ಕಿತ್ತುಹೋದ ಟೋಪಿಯ ಬದಲು ಅವನು ಹೊಸದೊಂದನ್ನು ಹಾಕಿಕೊಂಡು ಬಂದ ದಿನ, ಅನಧಿಕೃತ ಚಾವಣಿ ಬದಲಾವಣೆಯೆಂದು ನೋಟಿಸು ಅಂಟಿಸಿದರು. ಹುಳುಕು ಹಲ್ಲೊಂದು ಮಾತ್ರ ಬಹಳ ಕಾಡಿತು. ಅದನ್ನು ಕೀಳುವುದು ಮೂಲ ಅಂಗದ ನಾಶವಾಗುತ್ತದೆ ಎಂದು ಕಚೇರಿ ಬರೆಯಿತು. ಹಲ್ಲು ಆದೇಶವನ್ನು ಓದದೆ ತಾನಾಗಿಯೇ ಉದುರಿಬಿತ್ತು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಚರ್ಚಿನ ಬಾಗಿಲಲ್ಲಿ ಇರಿಸಲಾಗಿದೆ, ನೋಡಬಹುದು.

ಪ್ರವಾಸಿಗರಂತೂ ಹಿಂಡು ಹಿಂಡಾಗಿ ಬಂದರು. ಕೋಲೂರಿ ನಡೆಯುವವರು, ಸೈಕಲ್ ಸಂಘದವರು, ದುರ್ಬೀನು ಹಿಡಿದ ಹಕ್ಕಿಪ್ರಿಯರು ಎಲ್ಲರೂ ನಡಿಗೆಯ ಪಟ್ಟಿಯಲ್ಲಿ ಆರನೇ ನಂಬರಿನದಾದ ಈ ಗೋಡೆಯ ಮುಂದೆ ನಿಂತು, “ಅಯ್ಯೋ, ಎಷ್ಟು ಚೆನ್ನಾಗಿ ಕಾಪಾಡಿದ್ದಾರೆ!” ಎಂದು ಬೆರಗಾದರು. ಕೌನ್ಸಿಲ್ ಅಧ್ಯಕ್ಷ ನೈಜೆಲ್ ಸ್ಪರ್ಲಿಂಗ್ ಅವರ ಟರ್ನಿಪ್ ಹೊಲ ಕಾರು ನಿಲ್ಲಿಸುವ ಜಾಗವಾಯಿತು. ಅವರ ತಂಗಿಯ ಚಹಾ ಅಂಗಡಿಯಲ್ಲಿ ಬೆಣ್ಣೆ ಬನ್ನಿಗೆ ಸರದಿ ನಿಲ್ಲಬೇಕಾಯಿತು. ಪರಂಪರೆಯ ಮೇಲೆ ಅಧ್ಯಕ್ಷರಿಗೆ ಇಷ್ಟೊಂದು ಪ್ರೀತಿ ಹಿಂದೆಂದೂ ಕಂಡಿರಲಿಲ್ಲ.

ಎಲ್ಲವೂ ಸುಸೂತ್ರವಾಗಿಯೇ ನಡೆಯುತ್ತಿತ್ತು, ಹೆಡ್ಲಿಗೆ ಪ್ರೀತಿ ಅಂಟಿಕೊಂಡಿರದಿದ್ದರೆ.

ಹದಿನೈದು ದಿನಕ್ಕೊಮ್ಮೆ ಗುರುವಾರ ಊರಿಗೆ ಬರುವ ಲೈಬ್ರರಿ ಗಾಡಿಯನ್ನು ಮೇವಿಸ್ ಟಟ್‌ಹಿಲ್ ಎಂಬ ವಿಧವೆ ಓಡಿಸುತ್ತಿದ್ದಳು. ಒಂಬತ್ತು ವರ್ಷಗಳಿಂದ ಹೆಡ್ಲಿ ಪ್ರತಿ ಬಾರಿಯೂ ಜೇನುಸಾಕಣೆಯ ಒಂದು ಪುಸ್ತಕ ಒಯ್ದು, ಅದನ್ನು ತೆರೆಯದೆ, ಮುಂದಿನ ಬಾರಿ ಹಿಂದಿರುಗಿಸುತ್ತಿದ್ದ. ಅವನ ಹತ್ತಿರ ಒಂದು ಜೇನುನೊಣವೂ ಇರಲಿಲ್ಲ. ಇದು ಮೇವಿಸ್‌ಗೂ ಗೊತ್ತಿತ್ತು. ಹೇಳುವುದಕ್ಕೆ ಇಬ್ಬರಿಗೂ ಬಾಯಿ ಬಂದಿರಲಿಲ್ಲ, ಅಷ್ಟೆ.

ಆಗಸ್ಟಿನ ಒಂದು ಗುರುವಾರ ಆಕೆಯೇ ಗಾಡಿಯಿಂದಿಳಿದು ಗೋಡೆಯ ಹತ್ತಿರ ಬಂದಳು. ಮೈಮೇಲೆ ಎಂದಿನ ಹಳದಿ ಮಳೆಕೋಟು.

“ನೋಡಿ ಹೆಡ್ಲಿ, ಮುಂದಿನ ತಿಂಗಳ ಕೊನೆಗೆ ಗಾಡಿ ವಾಪಸ್ ಕೊಟ್ಟು ಕೆಲಸ ಬಿಡ್ತೀನಿ. ಸಮುದ್ರದ ಪಕ್ಕ ಒಂದು ಪುಟ್ಟ ಮನೆ ತಗೊಂಡಿದೀನಿ. ನೀವು ಬಂದ್ರೆ ಇಬ್ಬರಿಗೂ ಸಾಕಾಗತ್ತೆ. ಬರಲ್ಲ ಅಂದ್ರೆ ನಾನಿನ್ನು ಈ ಕಡೆ ತಲೆ ಹಾಕಲ್ಲ.”

ಹೆಡ್ಲಿ ಗೋಡೆಯಿಂದ ಬೆನ್ನು ತೆಗೆದು ನೆಟ್ಟಗೆ ನಿಂತ. “ಬರ್ತೀನಿ ಮೇವಿಸ್. ಒಂದು ಅರ್ಜಿ ಹಾಕಿ ಬರ್ತೀನಿ,” ಎಂದ.

ಸುಮ್ಮನೆ ಹೊರಟು ಹೋಗಬಾರದಿತ್ತೇ ಎಂದು ನೀವು ಕೇಳಬಹುದು. ಹೆಡ್ಲಿ ಹುಟ್ಟಿದಾಗಿನಿಂದ ಯಾವ ಸರದಿಯನ್ನೂ ಮುರಿದವನಲ್ಲ.

ಅರ್ಜಿಯ ವಿಚಾರಣೆ ಊರ ಸಭಾಭವನದಲ್ಲಿ ನಡೆಯಿತು. ಹಿಂದಿನ ಸಾಲಿನಲ್ಲಿ ಮೇವಿಸ್ ಹಳದಿ ಕೋಟಿನಲ್ಲೇ ಕೂತಿದ್ದಳು. ಅಧ್ಯಕ್ಷರು ಕನ್ನಡಕ ಏರಿಸಿಕೊಂಡು ಕಡತ ಬಿಡಿಸಿದರು.

“ಸಾಗಿಸಬಾರದು ಅಂತ ಏನಿಲ್ಲ ಹೆಡ್ಲಿ. ನಿಯಮ ಇದೆ. ಮೊದಲು ಪ್ರತಿ ಭಾಗಕ್ಕೂ ಸೀಮೆಸುಣ್ಣದಲ್ಲಿ ನಂಬರ್ ಬರೀಬೇಕು. ಬಿಚ್ಚಬೇಕು. ಹೊಸ ಜಾಗದಲ್ಲಿ ಅದೇ ಕ್ರಮದಲ್ಲಿ ಜೋಡಿಸಬೇಕು.”

“ನನ್ನನ್ನಾ?”

“ಮತ್ತಿನ್ಯಾರನ್ನ? ಪೋರ್ಲಾಂಡ್ ಅನ್ನೋ ಊರವರ ದನದ ಕೊಟ್ಟಿಗೇನ ಹಾಗೇ ಸಾಗಿಸಿದ್ರು. ಒಂದು ಕಲ್ಲೂ ತಪ್ಪಿಲ್ಲ.”

ಹೆಡ್ಲಿ ತನ್ನ ಕೈಕಾಲುಗಳನ್ನೊಮ್ಮೆ ನೋಡಿಕೊಂಡು, “ಬೇಡ ಬಿಡಿ,” ಎಂದ. ಅವನಿಗೆ ಅಳು ಬಂತು. ಮೂಲ ಚಿತ್ರದಲ್ಲಿ ಕಣ್ಣೀರು ಇಲ್ಲವಾದ್ದರಿಂದ ತಡೆದುಕೊಂಡ.

ಈ ಸಂಕಟ ಆಡ್ರೀ ಥ್ರಿಂಗ್ ಅವರಿಗೆ ನೋಡಲಾಗಲಿಲ್ಲ. ನಿಯಮಾವಳಿಯ ಪುಟ ಮಗುಚಿ ಮಗುಚಿ ಕೊನೆಗೆ ಒಂದು ಕಡೆ ಬೆರಳಿಟ್ಟರು.

“ಇಲ್ಲಿ ನೋಡಿ, ಅಧ್ಯಕ್ಷರೇ. ಪಾರಂಪರಿಕ ಆಸ್ತಿಗೆ ಹಿಂಬದಿಯಲ್ಲಿ ಒಂದು ವಿಸ್ತರಣೆ ಸೇರಿಸ್ಕೋಬಹುದು. ರಸ್ತೆಯಿಂದ ಕಾಣಬಾರದು, ಮೂಲಕ್ಕಿಂತ ಎತ್ತರ ಇರಬಾರದು, ಬಣ್ಣ ಹೊಂದಬೇಕು. ಇಷ್ಟೇ.”

ಸಭೆಯ ಕಣ್ಣುಗಳೆಲ್ಲ ಹಿಂದಿನ ಸಾಲಿಗೆ ತಿರುಗಿದವು. ಮೇವಿಸ್ ಎದ್ದು ನಿಂತಳು. ಟೇಪು ತಂದು ಅಳೆದರು. ಹೆಡ್ಲಿಗಿಂತ ಎರಡು ಇಂಚು ಕುಳ್ಳಿ.

“ಗೋಡೆ ಆ ಕಡೆ ಬಿಸಿಲು ಬರತ್ತೇನ್ರೀ?” ಎಂದು ಕೇಳಿದಳು.

“ಮಧ್ಯಾಹ್ನದ ಮೇಲೆ ಚೆನ್ನಾಗಿ ಬರತ್ತೆ,” ಎಂದರು ಅಧ್ಯಕ್ಷರು. “ಆದ್ರೆ ಆ ಹಳದಿ ಕೋಟು ನಡೆಯಲ್ಲಮ್ಮ. ಪಾಚಿ ಬಣ್ಣದ್ದು ಹುಡುಕ್ಕೊಳ್ಳಿ.”

“ಕೋಟಿಗೂ ನಿಮ್ಮ ಕಾಟಾನಾ!” ಎಂದು ಮೇವಿಸ್ ಸಿಡುಕಿದಳು. ಹೆಡ್ಲಿಯ ಮುಖ ನೋಡಿದಳು. ಆಮೇಲೆ ಒಂದು ನಿಟ್ಟುಸಿರುಬಿಟ್ಟು ಕೋಟಿನ ಗುಂಡಿ ಬಿಚ್ಚತೊಡಗಿದಳು. ಸಮುದ್ರದ ಪಕ್ಕದ ಮನೆಯನ್ನು ಆ ವಾರವೇ ಮಾರಿದಳು.

ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಹೆಸರು ಓದಿ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳುವ ಪದ್ಧತಿ ಅಲ್ಲಿದೆ. ವಿಸ್ತರಣೆಗೂ ಇಪ್ಪತ್ತೊಂದು ದಿನ ನೋಟಿಸು ಹಾಕಿ ಆಕ್ಷೇಪಣೆ ಕೇಳಬೇಕು. ಎರಡೂ ಒಂದೇ ಅವಧಿಯಾದ್ದರಿಂದ ಒಂದೇ ಕಾಗದದಲ್ಲಿ ಮುಗಿಸಿ, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಹೊದಿಸಿ, ಹೆಡ್ಲಿಯ ಕೋಟಿನ ಎರಡನೇ ಗುಂಡಿಗೆ ಕಟ್ಟಿದರು. ಬಂದದ್ದು ಒಂದೇ ಆಕ್ಷೇಪಣೆ, ಓವರ್ ವಿಡ್ಲಿಂಗ್‌ನಿಂದ: ಮಾತಾಡುವ ವಿಸ್ತರಣೆಯಿಂದ ತಮ್ಮ ಮೋರಿಗೆ ಅನ್ಯಾಯವಾಗುತ್ತದೆ ಎಂದು. ಅಸೂಯೆಯೆಂದು ಅದನ್ನು ತಳ್ಳಿಹಾಕಲಾಯಿತು.

ಮದುವೆ ಸೆಪ್ಟೆಂಬರ್ ಮೂವತ್ತರಂದು ಸ್ಥಳದಲ್ಲೇ ನಡೆಯಿತು. ವರ ರಸ್ತೆಯ ಕಡೆ, ವಧು ಚರ್ಚಿನಂಗಳದ ಸಮಾಧಿಗಳ ಕಡೆ, ನಡುವೆ ಏಳಡಿ ಗೋಡೆ. ಪಾದ್ರಿ ಏಣಿಯ ಮೇಲೆ ನಿಂತು ಎರಡೂ ಕಡೆಗೆ ಕೇಳುವಂತೆ ಮಂತ್ರ ಹೇಳಿದರು. ಉಂಗುರವನ್ನು ಮೇಣದಬತ್ತಿ ಆರಿಸುವ ಉದ್ದ ಕೋಲಿನ ತುದಿಗೆ ಸಿಕ್ಕಿಸಿ ಆಚೆ ದಾಟಿಸಲಾಯಿತು. ಆ ಕಡೆಯಿಂದ “ಸರಿಯಾಗಿದೆ!” ಎಂಬ ಕೂಗು ಕೇಳಿದಾಗ ನಡಿಗೆಗೆ ಬಂದಿದ್ದ ನಲವತ್ತು ಜನ ಚಪ್ಪಾಳೆ ತಟ್ಟಿದರು.

“ಇನ್ನು ವಧುವಿಗೆ ಮುತ್ತು ಕೊಡಬಹುದು,” ಎಂದು ಪಾದ್ರಿ ಏಣಿಯಿಂದಿಳಿಯತೊಡಗಿದರು.

ಅಧ್ಯಕ್ಷರು ಮೆಲ್ಲಗೆ ಕೆಮ್ಮಿದರು. “ಅದು ಮೂಲ ಆಸ್ತಿಗೂ ವಿಸ್ತರಣೆಗೂ ಜೋಡಣೆ ಆಗತ್ತೆ. ಪ್ರತಿ ಸಲಕ್ಕೂ ಬೇರೆ ಅರ್ಜಿ ಬೇಕು. ಎಂಟು ವಾರ.”

ಎಲ್ಲರೂ ಹೌದಲ್ಲವೇ ಎಂಬಂತೆ ತಲೆಯಾಡಿಸಿದರು. ಹೆಡ್ಲಿಯೂ ಆಡಿಸಿದ. ಆಡ್ರೀ ಫಾರಂ ಒಂದನ್ನು ತೆಗೆದು ಅವನ ಕೈಗಿತ್ತರು. ಅವನು ಅದನ್ನು ಗೋಡೆಗೇ ಒತ್ತಿಹಿಡಿದು, ಪೆನ್ನಿಗಾಗಿ ಜೇಬು ತಡಕಿದ.

ಗೋಡೆಯಾಚೆಯಿಂದ ಮೇವಿಸ್‌ಳ ದನಿ ಬಂತು: “ಒಂದೇ ಯಾಕೆ ತಗೊಳ್ತೀರಿ? ಒಂದು ಕಟ್ಟು ಪೂರ್ತಿ ಕೊಡ್ಲಿ. ಚಳಿಗಾಲ ಬರ್ತಾ ಇದೆ.”