ಮೂರು ಹೆಸರಿನ ಮಾತ್ರೆ

ಎಲ್ಲ ಶುರುವಾಗಿದ್ದು ಒಂದು ಸೀನಿನಿಂದ. ಫಾರ್ಮಸಿ ಕಾಲೇಜಿನ ಕೊನೇ ವರ್ಷದ ಮಾತಿನಮಲ್ಲ ಬೆಳಿಗ್ಗೆ ಕನ್ನಡಿಯ ಮುಂದೆ ಭಾಷಣ ಉರು ಹೊಡೆಯುತ್ತಿದ್ದ. ನೆಗಡಿ, ತಲೆನೋವಿನ ಮಾತ್ರೆಗಳನ್ನು ಇನ್ನು ದಿನಸಿ ಅಂಗಡಿಯಲ್ಲೂ ಮಾರಬಹುದೆಂಬ ಹೊಸ ನಿಯಮ ಬರುವುದರಲ್ಲಿತ್ತು. ಮಧ್ಯಾಹ್ನ ತರಗತಿಯಲ್ಲಿ ಅದರ ಪರ ವಾದಿಸಿ ಗೆದ್ದರೆ, ಮೂರು ವರ್ಷದಿಂದ ಜೊಲ್ಲು ಸುರಿಸುತ್ತಿದ್ದ ಅಂತರ ಕಾಲೇಜು ಚರ್ಚಾಸ್ಪರ್ಧೆಯ ವೇದಿಕೆ ಅವನದು.

"ಜನ ದಡ್ಡರಲ್ಲ, ತಮ್ಮ ಮಾತ್ರೆ ತಾವೇ..." ಎನ್ನುವಷ್ಟರಲ್ಲಿ ಕನ್ನಡಿ ಒದ್ದೆಯಾಯಿತು.

ಸೋದರತ್ತೆ ಓಡಿ ಬಂದು ಹಳದಿ ಮಾತ್ರೆ ನುಂಗಿಸಿದರು. "ನಮ್ಮನೇಲಿ ಎಲ್ರಿಗೂ ಇದೇ ಕಣೋ. ಮಾತ್ರೆ ಪಟ್ಟೀನೂ ಜೇಬಲ್ಲಿಟ್ಕೋ."

ಗೇಟಿನ ಹತ್ತಿರ ಇನ್ನೊಂದು ಸೀನು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಬಿಳಿ ಮಾತ್ರೆ ಹಿಡಿದು ಬಂದರು. "ಭಾಷಣದ ದಿನ ಮೂಗು ಸೋರಿದ್ರೆ ಮರ್ಯಾದೆ ಉಳಿಯತ್ತೇನಪ್ಪ? ತಗೋ, ಪಟ್ಟಿ ಪೂರ್ತಿ ಇಟ್ಕೋ." ಔಷಧಿ ಓದುವವನಿಗೇ ಔಷಧಿ ಕೊಡುವುದೆಂದರೆ ಜನಕ್ಕೆ ಅದೇನು ಖುಷಿಯೋ. ಹಿರಿಯರಿಗೆ ಎದುರಾಡಲಾಗದೆ ನುಂಗಿದ.

ಕ್ಯಾಂಟೀನಿನವನದು ಗುಲಾಬಿ ಬಣ್ಣದ್ದು. "ಇದು ಬೇರೆ ಕಂಪನೀದು, ಏನೂ ಆಗಲ್ಲ ಬಿಡಿ." ಅದೂ ಹೊಟ್ಟೆಗಿಳಿಯಿತು, ಪಟ್ಟಿ ಜೇಬು ಸೇರಿತು.

ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಔಷಧದ ಅಸಲಿ ಹೆಸರಿರುತ್ತದೆ, ಮೊದಲು ಅದನ್ನು ಓದಬೇಕು. ಇದು ಮೊದಲ ವರ್ಷದ ಮೊದಲ ಪಾಠ. ಅಂದು ನಮ್ಮ ಮಹಾಶಯ ಬಹುಶಃ ಸಿನಿಮಾಕ್ಕೆ ಹೋಗಿದ್ದ.

ಮಧ್ಯಾಹ್ನ ಎದುರಾಳಿ ಸೋಡಾಬುಡ್ಡಿ ಮೊದಲು ಮಾತಾಡಿದಳು. ದಪ್ಪ ಕನ್ನಡಕದ ಆ ಹುಡುಗಿ, "ಕೇಳೋರು ಹೇಳೋರು ಇಲ್ದೆ ಮಾರಿದ್ರೆ, ಜನ ಒಂದೇ ಔಷಧೀನ ಮೂರು ಹೆಸರಲ್ಲಿ ನುಂಗ್ತಾರೆ" ಎಂದು ಕೂತಳು.

ಮಾತಿನಮಲ್ಲ ಎದ್ದ. ಕಣ್ಣು ಮಂಜುಮಂಜಾಗಿತ್ತು. "ಜನ ದಡ್ಡರಲ್ಲ," ಎಂದ. ಹಾಗೇ ಮೇಜಿನ ಮೇಲೆ ತಲೆಯಿಟ್ಟ. ಮುಂದಿನ ಭಾಷಣವೆಲ್ಲ ಗೊರಕೆಯಲ್ಲೇ ನಡೆಯಿತು. ಗಾಬರಿಯಿಂದ ಎಬ್ಬಿಸಲು ಹೋದವರ ಕಾಲ ಬಳಿ ಅವನ ಜೇಬಿನಿಂದ ಮೂರು ಪಟ್ಟಿಗಳು ಬಿದ್ದವು. ಸೋಡಾಬುಡ್ಡಿ ಎತ್ತಿಕೊಂಡು ಮೂರರ ಹಿಂಬದಿಯನ್ನೂ ಗಟ್ಟಿಯಾಗಿ ಓದಿದಳು. ಮೂರರಲ್ಲೂ ನಿದ್ದೆ ಬರಿಸುವ ಅದೇ ಔಷಧಿ.

ಸಂಜೆ ಅವನು ಕಣ್ಣು ಬಿಟ್ಟಾಗ ಕಾಲೇಜಿನ ಡಾಕ್ಟರು ನಾಡಿ ನೋಡಿ ಹೋಗಿದ್ದರು. ಪಕ್ಕದಲ್ಲಿ ಮೇಷ್ಟ್ರು ಕೂತಿದ್ದರು.

"ಸಾರ್, ಸ್ಪರ್ಧೆ..."

"ನೀನೂ ಹೋಗ್ತಿದ್ದೀಯಪ್ಪ. ಇಡೀ ಕ್ಲಾಸು ಕೈ ಎತ್ತಿತು."

ಅವನಿಗೆ ಖುಷಿಯಿಂದ ಅಳುವೇ ಬಂತು. "ಎಷ್ಟು ನಿಮಿಷ ಮಾತಾಡ್ಬೇಕು ಸಾರ್?"

ಮೇಷ್ಟ್ರು ಬಾಗಿಲ ಕಡೆ ನೋಡಿದರು. ಅಲ್ಲಿ ಸೋಡಾಬುಡ್ಡಿ ಮೂರೂ ಪಟ್ಟಿ ಹಿಡಿದು ನಿಂತಿದ್ದಳು.

"ಮಾತು ನಾನು ನೋಡ್ಕೋತೀನಿ," ಎಂದಳು. "ನೀನು ಪಕ್ಕದ ಕುರ್ಚೀಲಿ ಕೂತು ಇವತ್ತಿನ ಹಾಗೇ ಗೊರಕೆ ಹೊಡಿ. ಮಾತ್ರೆ ಬೇಡ, ನಟನೆ ಸಾಕು."