ಬಸ್ಸಿನಲ್ಲಿ ಕೂರದ ಅತ್ತೆ

ನಮ್ಮ ಸೋದರತ್ತೆಗೆ "ಬೇಡ" ಎಂಬ ಮಾತೊಂದು ಬಿಟ್ಟು ಮಿಕ್ಕಿದ್ದೆಲ್ಲ ಕಿವಿಗೆ ಬೀಳುತ್ತದೆ. ಹುಣಸಮಾರನಹಳ್ಳಿಯ ತಮ್ಮ ಜಗಲಿಯಲ್ಲಿ ಕೂತು, ಎದುರುಮನೆಯವರು ಒಳಕೋಣೆಯಲ್ಲಿ ಪಿಸುಗುಟ್ಟಿದ್ದನ್ನೂ ಹೇಳಬಲ್ಲರು. ಅತ್ತೆಯ ಮಕ್ಕಳು ಹೋದ ವರ್ಷ ಜರ್ಮನಿ ನೋಡಿಬಂದು ಫೋಟೋ ತೋರಿಸಿದಾಗ, ಅತ್ತೆ ತಾನೂ ಹೋಗಬೇಕು ಎಂದರಂತೆ. ಅಲ್ಲಿನ ಚಳಿ ನಿನಗಾಗುವುದಿಲ್ಲ, ಬೇಡ ಎಂದುಬಿಟ್ಟರು ಮಕ್ಕಳು. ಮಾರನೆಯ ಬೆಳಗ್ಗೆಯೇ ಅತ್ತೆ ಯಲಹಂಕದ ಒಂದು ಟ್ರಾವೆಲ್ಸ್ ಆಫೀಸಿಗೆ ಹೋಗಿ ಎರಡು ಸೀಟು ಹಿಡಿದು ಬಂದರು. ಎರಡನೆಯದು ಯಾರಿಗೆ? ನನಗೆ. ನನ್ನನ್ನು ಕೇಳಿದ್ದರೇ? ನೀವಿನ್ನೂ ನಮ್ಮತ್ತೆಯನ್ನು ನೋಡಿಲ್ಲ, ಬಿಡಿ.

ಹಾಗೆ ಈ ಬೇಸಿಗೆಯಲ್ಲಿ ನಾವು ನ್ಯೂರೆಂಬರ್ಗ್ ಎಂಬ ಹಳೇ ಊರಿನಲ್ಲಿ ಇಳಿದೆವು. ಸುತ್ತ ಕಲ್ಲಿನ ಗೋಡೆ, ಒಳಗೆ ಕೆಂಪು ಹೆಂಚಿನ ಮನೆಗಳು, ಎತ್ತರದಲ್ಲಿ ಕೋಟೆ. ಎಲ್ಲರೂ ಕೋಟೆ ನೋಡುತ್ತಿದ್ದರೆ ಅತ್ತೆ ರಸ್ತೆ ನೋಡಿದರು. ಒಂದು ಗಾಡಿಯೂ ಇಲ್ಲ, ಆದರೂ ಕೆಂಪು ದೀಪಕ್ಕೆ ಜನ ಸುಮ್ಮನೆ ನಿಂತಿದ್ದಾರೆ. ತಮ್ಮೂರ ಮುಂದಿನ ಏರ್‌ಪೋರ್ಟ್ ರಸ್ತೆಯನ್ನೇ ಬರೀ ಅಂಗೈ ತೋರಿಸಿ ದಾಟುವವರಿಗೆ ಇದು ಅವಮಾನವಾಗಿರಬೇಕು. ಸೆರಗು ಸಿಕ್ಕಿಸಿ ದಾಟಿಯೇಬಿಟ್ಟರು. ಆಚೆಗಿದ್ದ ಜರ್ಮನ್ ಅಜ್ಜಿಯೊಬ್ಬರು ಬೆರಳಾಡಿಸಿ ಬೈದರು. ಅತ್ತೆ ಅಷ್ಟೇ ಉದ್ದಕ್ಕೆ ಕನ್ನಡದಲ್ಲಿ ತಿರುಗಿಸಿ ಕೊಟ್ಟರು. ಹಸಿರು ಬಂದಮೇಲೆ ನಾನು ದಾಟಿ ಹೋಗುವಷ್ಟರಲ್ಲಿ ಇಬ್ಬರೂ ತಂತಮ್ಮ ಮಂಡಿ ಮುಟ್ಟಿ ತೋರಿಸಿಕೊಳ್ಳುತ್ತಿದ್ದರು. ಜಗಳ ಅಲ್ಲಿಂದ ಮಂಡಿಗೆ ಹೇಗೆ ಇಳಿಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ!

ಆ ಮಂಡಿಯ ಮೇಲೆ ನಮ್ಮ ಟೂರ್ ಮ್ಯಾನೇಜರ್ ಕಣ್ಣೂ ಬಿತ್ತು. ಕೋಟೆಗೆ ಏರುದಾರಿ, ಉರುಟು ಕಲ್ಲಿನ ಹಾಸು, ವಯಸ್ಸಾದವರು ಬಸ್ಸಿನಲ್ಲೇ ಕೂತು ಸುಧಾರಿಸಿಕೊಳ್ಳಲಿ ಎಂದು ಆತ ವಿನಯವಾಗಿಯೇ ಹೇಳಿದರು.

"ಬಸ್ಸಲ್ಲಿ ಕೂತ್ಕೊಳ್ಳಾಕೆ ಯಲಹಂಕನೇ ಸಾಕಾಗಿತ್ತಲ್ಲಪ್ಪಾ," ಎಂದರು ಅತ್ತೆ. "ಇಷ್ಟ್ ದೂರ ಯಾಕ್ ಕರ್ಕೊಂಡ್ ಬಂದೆ?"

ಬಿದ್ದರೆ ಯಾರು ಜವಾಬ್ದಾರಿ ಎಂದು ಆತ ಕೇಳಿದ್ದಕ್ಕೆ, ಬೀಳುವವಳೇ ಜವಾಬ್ದಾರಿ ಎಂದು ಹೇಳಿ ಹೊರಟೇಬಿಟ್ಟರು.

ದಾರಿಯಲ್ಲಿ ಅಲ್ಲಲ್ಲಿ ನಿಂತರು. ನಿಂತಿದ್ದು ಆಯಾಸಕ್ಕಲ್ಲವಂತೆ, ಗೋಡೆಯ ಗಾರೆ ನೋಡುವುದಕ್ಕಂತೆ. ಇನ್ನೊಂದು ಸಲ, ಯಾರದೋ ಕಿಟಕಿಯ ಹೂಕುಂಡ ನೋಡುವುದಕ್ಕಂತೆ. ಕೊನೆಯ ತಿರುವಿನಲ್ಲಿ ನೋಡಲು ಏನೂ ಇರಲಿಲ್ಲ. ಗೋಡೆ ಹಿಡಿದು ಕಣ್ಣು ಮುಚ್ಚಿ ನಿಂತರು. ಇಳಿದುಹೋಗೋಣ ಎಂದೆ. ಅತ್ತೆ ಹಲ್ಲು ಕಚ್ಚಿ, ಕಾಲು ಕಿತ್ತಿಟ್ಟು ಹತ್ತಿದರು.

ಮೇಲಿನ ಕಟ್ಟೆಯಿಂದ ಇಡೀ ಊರಿನ ಹೆಂಚು ಕಾಣುತ್ತಿತ್ತು. ಅತ್ತೆ ಬೆವರು ಒರೆಸಿ, ತಲೆ ನೀವಿಕೊಂಡು, ಫೋಟೋ ತೆಗಿ ಎಂದರು. ನಾನು ಪಕ್ಕದಲ್ಲಿ ನಿಂತು ಸೆಲ್ಫಿಗೆ ಕೈ ಚಾಚಿದೆ.

"ನೀನ್ ಆಕಡೆ ಓಗು. ನಾನೊಬ್ಳೇ ಇರೋ ಫೋಟೋ ಒಂದೂ ಇಲ್ಲ ಕಣೇ. ಎಲ್ಲಾದ್ರಲ್ಲೂ ಯಾರ್ದೋ ಮಗೀನ ಎತ್ಕೊಂಡು ಮೂಲೇಲಿ ನಿಂತಿವ್ನಿ."

ಆ ಮಕ್ಕಳಲ್ಲಿ ನಾನೂ ಒಬ್ಬಳು. ಸರಿದು ನಿಂತೆ.

"ನಾನ್ ಸತ್ಮೇಲೆ ಗೋಡೆಗೆ ಇದನ್ನೇ ಆಕ್ಸು," ಎಂದು ಅತ್ತೆ ಗಲ್ಲ ಮೇಲೆತ್ತಿ ನಿಂತರು.

ನಾನು ಫೋನ್ ಹಿಡಿದೇ ಇದ್ದೆ; ಪರದೆಯಲ್ಲಿ ಅತ್ತೆ ಮಸುಕಾಗಿದ್ದರು. ಎಷ್ಟು ಹೊತ್ತು ಎಂದು ಕೇಳಿದರು. ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ ಎಂದೆ.

"ಬಿಸ್ಲು ನಿನ್ ಬೆನ್ನಿಗೈತೆ ಕಣೇ," ಎಂದರು ಅತ್ತೆ, ಮೆಲ್ಲಗೆ. "ತೆಗಿ."