ಬಾತುಮರಿ ಕಾಯಲು ನಾನು ನಿಂತದ್ದು

ಪುಣೆ ಹತ್ತಿರದ ಚಾಕಣದ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್ ಕೀಪರ್. ಹದಿನೆಂಟು ವರ್ಷಗಳಲ್ಲಿ ನನ್ನ ಕಣ್ಣು ತಪ್ಪಿಸಿ ಒಂದು ಬೋಲ್ಟು ಕೂಡ ಹೊರಗೆ ಹೋಗಿಲ್ಲ. ಇಂಥವನಿಗೆ ಎಂಟು ಬಾತುಮರಿ ಕಾಯುವುದು ಯಾವ ಮಹಾ ಕೆಲಸ? ಹಾಗಂತ ಕೋಥರೂಡದ ನಮ್ಮ ವಸತಿ ಸೊಸೈಟಿಯ ಸಭೆಯಲ್ಲಿ ಎದ್ದು ನಿಂತು ಘೋಷಿಸಿದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ನಮ್ಮ ಕಟ್ಟಡದ ಹಿಂದೆ ಹಳೆಯ ಕಲ್ಲುಗಣಿಯ ಹೊಂಡವಿದೆ. ಮಳೆನೀರು ತುಂಬಿ, ದಡದಲ್ಲಿ ಜೊಂಡು ಬೆಳೆದು ಅದೀಗ ಸಣ್ಣ ಕೆರೆಯೇ ಆಗಿದೆ. ಈ ಸಲ ಅಲ್ಲೊಂದು ಕಾಡುಬಾತು ಹನ್ನೊಂದು ಮರಿ ಮಾಡಿತು. ಸೋಮವಾರ ಹನ್ನೊಂದಿದ್ದವು ಗುರುವಾರ ಎಂಟಾದವು. ಮಕ್ಕಳು ಅತ್ತರು, ಹಿರಿಯರು ಸಭೆ ಕರೆದರು, ಉಳಿದ ಎಂಟರ ಹೊಣೆ ನನ್ನ ಮೇಲೆ ಬಿತ್ತು.

ಮೊದಲ ಅನುಮಾನ ನೆಲಮಹಡಿಯ ಹಿರಿಯ ಹೆಂಗಸು ಜೋಶಿ ಕಾಕು ಅವರ ಬೆಕ್ಕಿನ ಮೇಲೆ. ಸೋನ್ಯಾ ಅಂತ ಹೆಸರು. ಮೈ ತುಂಬಿಕೊಂಡು, ಕಣ್ಣು ಅರ್ಧ ಮುಚ್ಚಿ ಮೆಟ್ಟಿಲ ಮೇಲೆ ಕೂತಿರುತ್ತದೆ. ಅಪರಾಧಿಯ ಸಕಲ ಲಕ್ಷಣ! ಹೋಗಿ ಆರೋಪ ಹೊರಿಸಿದೆ.

“ಅಹೋ ಹಿರೇಮಠ,” ಎಂದರು ಕಾಕು ಮರಾಠಿಯಲ್ಲಿ, “ಅದಕ್ಕೆ ಹಲ್ಲೇ ಇಲ್ಲ. ಹಾಲಲ್ಲಿ ನೆನೆಸಿದ ಚಪಾತಿ ಬಿಟ್ಟರೆ ಏನೂ ತಿನ್ನುವುದಿಲ್ಲ.”

“ತನಿಖೆ ಮುಗಿಯುವವರೆಗೆ ಮನೆಯಲ್ಲೇ ಇರಲಿ,” ಎಂದೆ.

ಸೋನ್ಯಾಗೆ ಮೂರು ದಿನ ಗೃಹಬಂಧನ. ಆ ಮೂರು ದಿನದಲ್ಲೇ ಇನ್ನೊಂದು ಮರಿ ಹೋಯಿತು. ಕಾಕು ಬೆಕ್ಕನ್ನು ಎತ್ತಿಕೊಂಡು ನಮ್ಮ ಮನೆಗೇ ಬಂದು, ಅದರ ಬಾಯಿ ಅಗಲಿಸಿ ನನಗೆ ಒಸಡು ತೋರಿಸಿದರು. ಹಲ್ಲು ಇರಲಿಲ್ಲ.

ಹಾಗಾದರೆ ಹಾವೇ ಇರಬೇಕು. ಹಾವು ಇದ್ದರೆ ಜೊಂಡಿನಲ್ಲೇ ಇರಬೇಕು. ಭಾನುವಾರ ಶ್ರಮದಾನಕ್ಕೆ ಕರೆ ಕೊಟ್ಟೆ. ಹನ್ನೆರಡು ಜನ ಕುಡುಗೋಲು ಹಿಡಿದು ಬಂದರು. ಮಧ್ಯಾಹ್ನದ ಹೊತ್ತಿಗೆ ದಡ ನನ್ನ ನೆತ್ತಿಯಷ್ಟೇ ಬೋಳಾಯಿತು. ಹಾವು ಮಾತ್ರ ಸಿಗಲಿಲ್ಲ.

ನನ್ನ ಹೆಂಡತಿ ಸುಮಂಗಲಾ ಬಂದು ನೋಡಿದಳು. “ಛಂದ ಆತು ಬಿಡ್ರಿ. ಇನ್ನ ಆ ಮರಿ ಎಲ್ಲಿ ಅಡಗತಾವ?”

“ಯಾಕ ಅಡಗಬೇಕು? ನಾ ಇಲ್ಲೇನು ಕಾಯಾಕ?”

ಮರುದಿನ ಬೆಳಿಗ್ಗೆ ಹದ್ದು ಒಂದನ್ನು ಎತ್ತಿಕೊಂಡು ಹೋಯಿತು. ಸಂಜೆ ಕಾಗೆಗಳು ಸೇರಿ ಇನ್ನೊಂದನ್ನು ಮುಗಿಸಿದವು. ಇಷ್ಟು ದಿನ ಜೊಂಡಿನೊಳಗೆ ಕಾಣದಂತೆ ಇದ್ದ ಮರಿಗಳನ್ನು ಹದ್ದಿಗೆ, ಕಾಗೆಗೆ ನಾನೇ ಬಯಲಿಗಿಟ್ಟು ತೋರಿಸಿದ್ದೆ.

ಉಳಿದದ್ದು ಐದು. ಕಾರ್ಖಾನೆಗೆ ರಜೆ ಹಾಕಿದೆ. ಹದ್ದು ಓಡಿಸಲು ಕೊಡೆ, ಕಾಗೆ ಓಡಿಸಲು ಸ್ಟೀಲ್ ತಾಟು, ಬಡಿಯಲು ಸೌಟು ಹಿಡಿದು ಬೆಳಿಗ್ಗೆ ಏಳಕ್ಕೆ ದಡದ ಕಲ್ಲಿನ ಮೇಲೆ ಕೂತೆ. ಜೊತೆಗೆ ಗೋಧಿಹಿಟ್ಟಿನ ಉಂಡೆಗಳ ಡಬ್ಬಿ. ಅದು ನನ್ನ ನಿತ್ಯದ ವ್ರತ. ಶನಿಕಾಟ ಹೋಗಲು ಮೀನಿಗೆ ಕಣಕದ ಉಂಡೆ ಹಾಕಬೇಕೆಂದು ಜ್ಯೋತಿಷಿ ಹೇಳಿ ಎರಡು ವರ್ಷವಾಗಿತ್ತು. ಎರಡು ವರ್ಷದಲ್ಲಿ ಮೀಸೆಯ ಮಾಂಗೂರ ಮೀನುಗಳು ನನ್ನ ತೋಳಿನುದ್ದ ಬೆಳೆದಿದ್ದವು. ನನ್ನ ಚಪ್ಪಲಿ ಸದ್ದು ಕೇಳಿದರೆ ಸಾಕು, ದಡಕ್ಕೆ ಬಂದು ಬಾಯಿ ತೆರೆಯುತ್ತಿದ್ದವು. ಎಂಥ ಪ್ರೀತಿ!

ಉಂಡೆ ಎಸೆದೆ. ಚೂರು ತಿನ್ನಲು ಮರಿಗಳೂ ಬಂದವು. ನಾನು ಖುಷಿಯಾಗಿ ಇನ್ನೊಂದು ಎಸೆದೆ. ತಾಯಿಬಾತು ಕೂಗಿಕೊಂಡಿತು. ನೀರೊಳಗಿಂದ ಅಗಲವಾದ ಬಾಯೊಂದು ಮೇಲೆ ಬಂತು. ಉಂಡೆಯೂ ಹೋಯಿತು, ಪಕ್ಕದಲ್ಲಿದ್ದ ಮರಿಯೂ ಹೋಯಿತು. ನಾನು ತಾಟು ಬಡಿದೆ. ಊಟಕ್ಕೆ ಕರೆದಂತಾಗಿ ಇನ್ನೆರಡು ಮೀನು ಬಂದವು!

ಸುಮಂಗಲಾ ಮೇಲಿನ ನಮ್ಮ ಮನೆಯ ಗ್ಯಾಲರಿಯಿಂದ ಎಲ್ಲ ನೋಡುತ್ತಿದ್ದಳು. ಕೆಳಗೆ ಬಂದವಳೇ ಡಬ್ಬಿ ಕಿತ್ತುಕೊಂಡಳು.

“ಎರಡು ವರ್ಷ ಈ ಮೀನು ಮೇಯಿಸಿದವರು ನೀವ. ಮೊದಲಿನ ಮೂರು ಮರಿನೂ ಇವುಗಳ ಹೊಟ್ಟಿಗೇ ಹೋಗಿರಬೇಕ್ರಿ.”

ಕೊಡೆ, ತಾಟು, ಸೌಟು ಎತ್ತಿಕೊಂಡು ಮನೆಗೆ ಹೋದೆ. ಆ ಹೊತ್ತು ತಿಂಡಿ ಸೇರಲಿಲ್ಲ.

ಸಂಜೆ ಮತ್ತೆ ಸಭೆ. ನದಿ ದಂಡೆಯಲ್ಲಿ ಬೆಳೆದ ಜೋಶಿ ಕಾಕು ಅಧಿಕಾರ ವಹಿಸಿಕೊಂಡರು. ಮೀನಿಗೆ ಉಂಡೆ ಬಂದ್. ಬ್ರೆಡ್ಡೂ ಬಂದ್, ಅದಕ್ಕೆ ಕಾಗೆ ಬರುತ್ತವೆ. ನಾಯಿಗಳನ್ನು ಹಗ್ಗ ಹಾಕಿಯೇ ತರಬೇಕು. ಕೊಯ್ದು ಒಟ್ಟಿದ ಜೊಂಡನ್ನು ಕಟ್ಟುಕಟ್ಟಿ ದಡದ ನೀರಲ್ಲಿ ಬಿಡಬೇಕು, ಹೊಸದು ಬೆಳೆಯುವ ತನಕ ಮರಿಗಳು ಅದರಡಿ ಅಡಗುತ್ತವೆ. ಕೊನೆಯ ಠರಾವು: ಮರಿಗಳು ದೊಡ್ಡವಾಗುವವರೆಗೆ ಹಿರೇಮಠ ಅವರು ಹೊಂಡದ ಕಡೆ ಸುಳಿಯಬಾರದು. ಎಲ್ಲರೂ ಕೈ ಎತ್ತಿದರು. ಸುಮಂಗಲಾ ಎರಡೂ ಕೈ ಎತ್ತಿದ್ದಳು.

ನಾನು ಗ್ಯಾಲರಿಯಲ್ಲಿ ಕೂತು ದಿನವೂ ಎಣಿಸಿದೆ. ನಾಲ್ಕು. ಮತ್ತೆ ನಾಲ್ಕು. ಒಂದು ವಾರ ಕಳೆಯಿತು, ಆರು ವಾರ ಕಳೆದವು, ನಾಲ್ಕೂ ತಾಯಿಯ ಅರ್ಧದಷ್ಟಾದವು. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಕೊನೆಗೆ ಕಾಕು ಅನುಮತಿ ಕೊಟ್ಟರು. “ಬರಿಗೈಯಲ್ಲಿ ಹೋಗಿ, ದೂರ ನಿಂತು ನೋಡಿ ಬನ್ನಿ.”

ಹೋದೆ. ತಾಯಿಬಾತು ಮಕ್ಕಳೊಂದಿಗೆ ದಡದ ಹತ್ತಿರವೇ ಇತ್ತು. ಯಾರದೋ ನಾಯಿ ಹಗ್ಗ ಜಗ್ಗುತ್ತ, ಬೊಗಳುತ್ತ ಪಕ್ಕದಲ್ಲೇ ಹಾದುಹೋಯಿತು. ಬಾತು ಕತ್ತು ಕೂಡ ತಿರುಗಿಸಲಿಲ್ಲ. ಆಮೇಲೆ ನನ್ನನ್ನು ಕಂಡಿತು.

ಒಂದೇ ಕೂಗು! ನಾಲ್ಕೂ ಮರಿ ಸಾಲಾಗಿ ಜೊಂಡಿನೊಳಗೆ ನುಗ್ಗಿ ಮಾಯವಾದವು.